ನಗ್ಗರ್ ಕ್ಯಾಸಲ್‌ನಲ್ಲಿ ಎರಡು ರಾತ್ರಿ, ಅಮ್ಮನ ಜೊತೆ

ಮನಾಲಿಗೆ ಹೋಗೋರು ದಯವಿಟ್ಟು ಒಂದು ರಾತ್ರಿನಾದ್ರೂ ನಗ್ಗರ್‌ನಲ್ಲಿ ಉಳ್ಕೊಳ್ಳಿ, ಬಿಯಾಸ್ ನದಿ ಎಡದಂಡೆ ರೋಡಲ್ಲಿ ಸುಮಾರು 20 ಕಿಲೋಮೀಟರ್ ಅಷ್ಟೇ. ಅಲ್ಲಿರೋ ನಗ್ಗರ್ ಕ್ಯಾಸಲ್ ಕುಲ್ಲು ರಾಜ ಸಿಧ್ ಸಿಂಗ್ 15ನೇ ಶತಮಾನದಲ್ಲಿ ಕಟ್ಟಿಸಿದ್ದು ಅಂತಾರೆ. ಅದನ್ನ ಹಿಮಾಚಲ ಟೂರಿಸಂ ನಿಗಮದವ್ರು 1978ರಿಂದ ಹೋಟೆಲ್ ಮಾಡಿ ನಡೆಸ್ತಿದಾರೆ. ಹೆಸರಿಗೆ ಕ್ಯಾಸಲ್, ನೋಡಕ್ಕೆ ಮಾತ್ರ ಬೆಟ್ಟದೂರಿನ ದೊಡ್ಮನೆ ಥರಾನೇ ಇದೆ.

ಗೋಡೆ ನೋಡ್ಬೇಕು ರೀ. ಕಾಠ್-ಕುಣಿ ಅಂತಾರೆ ಆ ಕಡೆ, ಒಂದು ಸಾಲು ದೇವದಾರು ತೊಲೆ ಅದರ ಮೇಲೊಂದು ಸಾಲು ಕಲ್ಲು ಮತ್ತೆ ತೊಲೆ ಮತ್ತೆ ಕಲ್ಲು, ಹೀಗೇ ಸೂರಿನವರೆಗೂ, ನಡುವೆ ಗಾರೆ ಇಲ್ಲ ಸಿಮೆಂಟಿಲ್ಲ, ಮೂಲೇಲಿ ತೊಲೆಗಳು ಒಂದನ್ನೊಂದು ಕಚ್ಕೊಂಡು ಕೂತಿರ್ತವೆ. ಭೂಮಿ ನಡುಗಿದ್ರೆ ಗೋಡೆ ಬಿರುಕು ಬಿಡಲ್ಲ, ಒಂಚೂರು ಅಲ್ಲಾಡಿ ಮತ್ತೆ ಕೂತ್ಕೊಳತ್ತೆ. ಸುಮಾರು 20 ಸಾವಿರ ಜನ ಸತ್ತ 1905ರ ಕಾಂಗ್ರಾ ಭೂಕಂಪವನ್ನೂ ಈ ಕಟ್ಟಡ ತಡ್ಕೊಂಡಿದೆ.

ಹಿಂದಿನ ರಾತ್ರಿ ಇನ್ನೊಂದೂರಲ್ಲಿ ಹೊಸಾ ಕಾಂಕ್ರೀಟ್ ಹೋಟೆಲಲ್ಲಿದ್ವಿ, ಹೀಟರ್ ಹಾಕಿದ್ರೂ ಗೋಡೆ ಮುಟ್ಟಿದ್ರೆ ಮಂಜುಗಡ್ಡೆ, ಅಮ್ಮ ಸ್ವೆಟರ್ ಬಿಚ್ಚಲೇ ಇಲ್ಲ. ಇಲ್ಲಿ ಆರಾಮಾಗಿ ನಿದ್ದೆ ಮಾಡಿದ್ರು. ಬಿಸಿನೀರು, ರೂಮಿಗೇ ಬಾತ್‌ರೂಮು ಎಲ್ಲಾ ಇದೆ, ಅದಕ್ಕೋಸ್ಕರ ಹಳೇ ಗೋಡೆಗೆ ಟೈಲ್ಸ್ ಮೆತ್ತಿ ಚೆಂದ ಕೆಡಿಸಿಲ್ಲ, ನಂಗೆ ಅದೇ ತುಂಬಾ ಇಷ್ಟ ಆಗಿದ್ದು.

ಅಮ್ಮನ ತವರು ತೀರ್ಥಹಳ್ಳಿ ಕಡೆ. ಹಲಸಿನ ಕಂಬ, ಮರದ ಮುಚ್ಚಿಗೆ, ನಡುವೆ ಅಂಗಳ ಇದ್ದ ಮನೆ. ಮಾವಂದಿರೆಲ್ಲ ಬೆಂಗಳೂರು ಸೇರಿದ್ಮೇಲೆ ಬೀಗ ಬಿತ್ತು, ಎರಡು ಮಳೆಗಾಲ ಹೆಂಚು ಸರಿ ಮಾಡೋರಿಲ್ದೆ ಪಕಾಸಿ ಕೊಳೀತು, ಆಮೇಲೆ ಕಂಬಗಳನ್ನ ಬಿಡಿಬಿಡಿಯಾಗಿ ಮಾರಿದ್ರು. "ಇಲ್ಲಿ ದಿನಾ ಯಾರಾದ್ರೂ ಮಲಗ್ತಾರೆ, ಗುಡಿಸ್ತಾರೆ, ಅದಕ್ಕೇ ಉಳ್ದಿದೆ ಕಣೋ" ಅಂದ್ರು ಅಮ್ಮ ವರಾಂಡದ ತೊಲೆ ಸವರ್ತಾ. ನಂಗೆ ಏನೂ ಹೇಳಕ್ಕಾಗ್ಲಿಲ್ಲ.

ಹೋಗೋರಿಗೆ ಒಂದೆರಡು ಮಾತು. ಕಣಿವೆ ಕಡೆ ರೂಮೇ ಕೇಳಿ. ಹಗಲು ನೋಡಕ್ಕೆ ಬರೋ ಟೂರಿಸ್ಟ್‌ಗಳು ಜಾಸ್ತಿ, ಸಂಜೆ ಅವ್ರು ಹೋದ್ಮೇಲೆ ಹೊರಗೆ ಕೂತು ಚಹಾ ಕುಡೀರಿ. ಮಂಡಿನೋವಿನವರಿಗೆ ಮೊದ್ಲೇ ಕೆಳಗಿನ ರೂಮು ಕೇಳೋದು ಒಳ್ಳೇದು. ಅಲ್ಲಿಂದ ಸ್ವಲ್ಪ ಮೇಲೆ ಹತ್ತಿದ್ರೆ ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ ಇದ್ದ ಮನೆ ಇದೆ, ನಮ್ಮ ಕನಕಪುರ ರೋಡಿನ ತಾತಗುಣಿ ಎಸ್ಟೇಟಲ್ಲಿ ಹೆಂಡತಿ, ಸಿನಿಮಾ ನಟಿ ದೇವಿಕಾ ರಾಣಿ ಜೊತೆ ಇದ್ರಲ್ಲ ಸ್ವೆಟೊಸ್ಲಾವ್, ಅವ್ರ ಅಪ್ಪನ ಮನೆ ಅದು. ಬೆಳಿಗ್ಗೆ ತಿಂಡಿ ಮುಗಿಸಿ ನಡ್ಕೊಂಡೇ ಹೋಗ್ಬನ್ನಿ.