ಅಕ್ಕನ ಅಂಗಡಿಗೆ ಪ್ಲಾಸ್ಮಾ, ನನ್ನ ಮೇಜಿಗೆ ಗ್ನೋಮ್: ಆರು ತಿಂಗಳ ಹೋಲಿಕೆ

ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬರೆಯುವ ನಾವು ನಾಲ್ಕು ಜನ ಸೇರಿದರೆ ಒಂದು ವಾದ ಗ್ಯಾರಂಟಿ. ಲಿನಕ್ಸ್ ಕಂಪ್ಯೂಟರ್‌ಗೆ ಕಿಟಕಿ, ಮೆನು, ಸೆಟ್ಟಿಂಗ್ ಎಲ್ಲ ಕೊಡುವ ಎರಡು ಡೆಸ್ಕ್‌ಟಾಪ್‌ಗಳಲ್ಲಿ ಗ್ನೋಮ್ ಒಳ್ಳೆಯದೋ, ಕೆಡಿಇ (ಅದರ ಡೆಸ್ಕ್‌ಟಾಪ್ ಹೆಸರು ಪ್ಲಾಸ್ಮಾ) ಒಳ್ಳೆಯದೋ? ಮೈಸೂರಿನ ಸರಸ್ವತಿಪುರಂನ ನನ್ನ ರೂಮಿನಲ್ಲಿ ಕಾಫಿ ಆರಿದರೂ ಈ ಮಾತು ಆರುವುದಿಲ್ಲ. ಒಬ್ಬರು "ಸೆಟ್ಟಿಂಗ್ ಜಾಸ್ತಿ ಆದಷ್ಟೂ ಜನಕ್ಕೆ ತಲೆನೋವು" ಅಂತಾರೆ. ಇನ್ನೊಬ್ಬರು "ನನ್ನ ಕಂಪ್ಯೂಟರ್, ನನ್ನಿಷ್ಟ" ಅಂತಾರೆ. ಕೊನೆಗೆ ಎಲ್ಲರೂ ಒಪ್ಪುವುದು ಒಂದೇ: ಸಾಮಾನ್ಯ ಜನಕ್ಕೆ ಗ್ನೋಮ್, ಡೆವಲಪರ್‌ಗಳಿಗೆ ಕೆಡಿಇ. ನಾನೂ ಹಾಗೇ ಅಂದುಕೊಂಡಿದ್ದೆ. ಮಂಡ್ಯದಲ್ಲಿ ಅಕ್ಕನ ಜೆರಾಕ್ಸ್, ಡಿಟಿಪಿ ಅಂಗಡಿಯಲ್ಲಿ ಎರಡನ್ನೂ ಮೂರ್ಮೂರು ತಿಂಗಳು ಓಡಿಸಿದ ಮೇಲೆ ಲೆಕ್ಕ ಪೂರ್ತಿ ತಿರುಗಿತು.

ಈ ವಾದ ನನಗಿಂತ ದೊಡ್ಡ ತಲೆಗಳನ್ನೂ ಬಿಟ್ಟಿಲ್ಲ. ಮಥಿಯಾಸ್ ಎಟ್ರಿಚ್ 1996ರ ಅಕ್ಟೋಬರ್‌ನಲ್ಲಿ ಕೆಡಿಇ ಶುರು ಮಾಡಿದರು. ಅದು ನಿಂತಿದ್ದ ಕ್ಯೂಟಿ ಎಂಬ, ಕಿಟಕಿ-ಬಟನ್ ಕಟ್ಟಿಕೊಡುವ ಲೈಬ್ರರಿಯ ಲೈಸೆನ್ಸ್ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದೇ ಕಾರಣಕ್ಕೆ ಮರುವರ್ಷ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಶುರು ಮಾಡಿದರು. 2000ದಲ್ಲಿ ಕ್ಯೂಟಿ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿ ಬಂತು, ಲೈಸೆನ್ಸ್ ಜಗಳ ಮುಗಿಯಿತು. ಸೆಟ್ಟಿಂಗ್ ಜಗಳ ಉಳಿಯಿತು. 2011ರಲ್ಲಿ ಗ್ನೋಮ್ 3 ಬಂದಾಗ ಲಿನಕ್ಸ್ ಶುರು ಮಾಡಿದ ಲಿನಸ್ ಟೋರ್ವಾಲ್ಡ್ಸ್ ಬೇಸತ್ತು ಎಕ್ಸ್‌ಎಫ್‌ಸಿಇ ಎಂಬ ಇನ್ನೊಂದು ಡೆಸ್ಕ್‌ಟಾಪ್‌ಗೆ ಹೋದರು. ಎರಡು ವರ್ಷದಲ್ಲಿ ವಾಪಸ್ ಗ್ನೋಮ್‌ಗೇ ಬಂದರು.

ಅಂಗಡಿಗೆ ಮೊದಲು ಹಾಕಿದ್ದು ಗ್ನೋಮ್. ಹೋಲಿಕೆ ನೇರವಾಗಿರಲಿ ಅಂತ ಎರಡು ಸಲವೂ ಫೆಡೋರಾ ಎಂಬ ಲಿನಕ್ಸ್ ವಿತರಣೆಯನ್ನೇ ತೆಗೆದುಕೊಂಡೆ, ಅದೇ 8 ಜಿಬಿ ಮೆಷಿನ್. ಕನ್ನಡದ ವಿಷಯದಲ್ಲಿ ಗ್ನೋಮ್ ಮೊದಲ ದಿನವೇ ಗೆದ್ದಿತು. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಅದರ ಒಳಗೇ ಕೂತಿದೆ. ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಕೆಜಿಪಿ (ನುಡಿ ತಂತ್ರಾಂಶದ ಕೀಲಿ ವಿನ್ಯಾಸ) ಸೇರಿಸಿದೆ, ಅಷ್ಟೇ. ಸೂಪರ್ ಮತ್ತು ಸ್ಪೇಸ್ ಒತ್ತಿದರೆ ಕನ್ನಡ, ಇನ್ನೊಮ್ಮೆ ಒತ್ತಿದರೆ ಇಂಗ್ಲಿಷ್. ಅಕ್ಕನಿಗೆ ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ. ಎಫ್ ಒತ್ತಿ ಒತ್ತಕ್ಷರ ಕೊಡುವ ಆ ಬೆರಳುಗಳು ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ.

ಆದರೆ ಸಂಜೆ ಫೋನ್ ಬಂತು. "ಲೋ, ಮಿನಿಮೈಜ್ ಎಲ್ಲೋಯ್ತೋ? ಕೆಳ್ಗಡೆ ಪಟ್ಟಿನೂ ಇಲ್ವಲ್ಲೋ."

ಅವಳ ಕೆಲಸ ಹೇಗಿರುತ್ತೆ ಅಂತ ಆ ಶನಿವಾರ ಪಕ್ಕದಲ್ಲಿ ಕೂತು ನೋಡಿದೆ. ಅರ್ಧ ಆಗಿರುವ ಲಗ್ನಪತ್ರಿಕೆ ತೆರೆದಿದೆ. ಅಷ್ಟರಲ್ಲಿ ಒಬ್ಬರು ಬಂದು ಪಹಣಿ ಪ್ರಿಂಟ್ ಕೇಳುತ್ತಾರೆ. ಇನ್ನೊಬ್ಬರು ಫೋನಿನಲ್ಲಿ ಆಧಾರ್ ಫೋಟೊ ತೋರಿಸಿ ಎರಡು ಕಾಪಿ ಅಂತಾರೆ. ಮತ್ತೆ ಪತ್ರಿಕೆಗೆ ವಾಪಸ್ ಬಂದರೆ, ವಧುವಿನ ತಂದೆಯ ಹೆಸರು ಕಾಪಿ ಮಾಡಿಟ್ಟಿದ್ದು ಕ್ಲಿಪ್‌ಬೋರ್ಡ್‌ನಿಂದ ಹೋಗಿರುತ್ತೆ, ಮಧ್ಯೆ ಬೇರೇನೋ ಕಾಪಿ ಆಗಿದೆ. ಗ್ನೋಮ್‌ನಲ್ಲಿ ಹಳೆಯ ಕಾಪಿಗಳ ಪಟ್ಟಿ ಬೇಕಂದರೆ ಎಕ್ಸ್‌ಟೆನ್ಷನ್, ಅಂದರೆ ಬೇರೆಯವರು ಬರೆದ ಹೆಚ್ಚುವರಿ ತುಣುಕು ಹಾಕಬೇಕು. ಕೆಳಗಿನ ಪಟ್ಟಿಗೂ ಎಕ್ಸ್‌ಟೆನ್ಷನ್. ಎರಡನ್ನೂ ಹಾಕಿಕೊಟ್ಟೆ. ಆದರೂ ನನಗೆ ನೆಮ್ಮದಿ ಇರಲಿಲ್ಲ. ಗ್ನೋಮ್ ಆರು ತಿಂಗಳಿಗೊಮ್ಮೆ ಹೊಸದಾಗುತ್ತೆ, ಎಕ್ಸ್‌ಟೆನ್ಷನ್ ಬರೆದವರು ಪ್ರತಿ ಸಲ ಅದರ ಹಿಂದೆ ಓಡಬೇಕು. 2023ರಲ್ಲಿ ಗ್ನೋಮ್ 45 ಬಂದಾಗ ಒಳಗಿನ ಮಾಡ್ಯೂಲ್ ಪದ್ಧತಿಯೇ ಬದಲಾಯಿತು, ಎಲ್ಲ ಎಕ್ಸ್‌ಟೆನ್ಷನ್‌ಗಳನ್ನೂ ತಿದ್ದಬೇಕಾಯಿತು. ಮದುವೆ ಸೀಸನ್‌ನಲ್ಲಿ ಹಾಗಾದರೆ ಮೈಸೂರಿಂದ ನಾನು ರೈಲು ಹತ್ತಬೇಕು.

ಆಮೇಲೆ ಪ್ಲಾಸ್ಮಾ 6 ಹಾಕಿದೆ. ಕನ್ನಡಕ್ಕೆ ಇಲ್ಲಿ ಅರ್ಧ ದಿನ ಹೋಯಿತು, ಅದನ್ನು ಮುಚ್ಚಿಡಲ್ಲ. ಐಬಸ್‌ನದ್ದೇ ಕೆಲಸ ಮಾಡುವ ಎಫ್‌ಸಿಐಟಿಎಕ್ಸ್ 5 ಮತ್ತು ಹಲವು ಭಾಷೆಗಳ ಕೀಲಿ ವಿನ್ಯಾಸ ಕೊಡುವ ಅದರ ಎಂ17ಎನ್ ಪ್ಯಾಕೇಜ್ ಹಾಕಿದೆ, ಕೆಜಿಪಿ ಸೇರಿಸಿದೆ. ಆದರೂ ವೇಲ್ಯಾಂಡ್‌ನಲ್ಲಿ (ಪರದೆಗೆ ಕಿಟಕಿಗಳನ್ನು ಮೂಡಿಸುವ ಹೊಸ ವ್ಯವಸ್ಥೆ) ಅಕ್ಷರ ಮೂಡುತ್ತಿಲ್ಲ. ಕೊನೆಗೆ ಬೀಗದ ಕೈ ಸಿಕ್ಕಿದ್ದು ಸಿಸ್ಟಮ್ ಸೆಟ್ಟಿಂಗ್ಸ್‌ನ 'ವರ್ಚುವಲ್ ಕೀಬೋರ್ಡ್' ಎಂಬ ಪುಟದಲ್ಲಿ. ಅಲ್ಲಿ ಎಫ್‌ಸಿಐಟಿಎಕ್ಸ್ 5 ಆರಿಸಬೇಕು. ಎದುರಿಗೆ ನಿಜವಾದ ಕೀಬೋರ್ಡ್ ಇಟ್ಟುಕೊಂಡವರು ಕನ್ನಡಕ್ಕಾಗಿ ಆ ಪುಟಕ್ಕೆ ಯಾಕೆ ಹೋಗ್ತಾರೆ? ಕನ್ನಡ, ತಮಿಳು, ಚೀನಿಯನ್ನು ಹೀಗೆ ಎಫ್‌ಸಿಐಟಿಎಕ್ಸ್ ಮೂಲಕ ಬರೆಯುವ ಎಲ್ಲರಿಗೂ ಇದೇ ಬಾಗಿಲು. ಹೆಸರು ಬದಲಾಗಲೇಬೇಕು.

ಆದರೆ ಆ ಅರ್ಧ ದಿನ ಒಂದು ಸಲ ಮಾತ್ರ. ಉಳಿದದ್ದೆಲ್ಲ ಅಕ್ಕನ ಕೈಗೆ ಹೊಂದಿಕೊಂಡಿತು. ಕ್ಲಿಪ್‌ಬೋರ್ಡ್ ಪಟ್ಟಿ ಮೊದಲೇ ಇದೆ. ಫೈಲ್ ನೋಡುವ ಆ್ಯಪ್ ಡಾಲ್ಫಿನ್‌ನಲ್ಲಿ ಎಫ್3 ಒತ್ತಿದರೆ ಕಿಟಕಿ ಎರಡು ಭಾಗವಾಗುತ್ತೆ: ಎಡಕ್ಕೆ ಗಿರಾಕಿಯ ಪೆನ್‌ಡ್ರೈವ್, ಬಲಕ್ಕೆ ಇವತ್ತಿನ ಫೋಲ್ಡರ್. ಗ್ನೋಮ್‌ನ ಫೈಲ್ಸ್‌ನಲ್ಲೂ ಇದಿತ್ತು, 2012ರಲ್ಲಿ ತೆಗೆದುಬಿಟ್ಟರು. ಫೋನಿನ ಫೋಟೊಗಳನ್ನು ಕಂಪ್ಯೂಟರ್‌ಗೆ ತರಲು ಕೆಡಿಇ ಕನೆಕ್ಟ್ ಆ್ಯಪ್.

ಒಂದು ತೊಂದರೆ ಆಯಿತು. ಅಂಗಡಿಗೆ ಬರುವ ಹುಡುಗ ಯಾವುದೋ ಮೆನು ಒತ್ತಿ ಕೆಳಗಿನ ಪ್ಯಾನೆಲ್ ಪೂರ್ತಿ ತೆಗೆದುಬಿಟ್ಟ. ಗ್ನೋಮ್‌ನಲ್ಲಿ ಹಾಗೆ ತೆಗೆಯಲು ಏನೂ ಇಲ್ಲ, ಆ ಪಕ್ಷದವರ ವಾದದಲ್ಲಿ ಸತ್ಯ ಇದೆ. ಆದರೆ ಕೆಡಿಇಯಲ್ಲಿ ಬೀಗವೂ ಇದೆ. ಕಾನ್ಫಿಗ್ ಫೈಲ್‌ನಲ್ಲಿ ಚೌಕ ಕಂಸದೊಳಗೆ ಡಾಲರ್ ಚಿಹ್ನೆ ಮತ್ತು ಐ ಅಕ್ಷರ ಬರೆದರೆ ಆ ಸೆಟ್ಟಿಂಗ್ ಅಲ್ಲೇ ಗಟ್ಟಿಯಾಗುತ್ತೆ. ಬರೆದಿಟ್ಟೆ. ಆಮೇಲೆ ಪ್ಯಾನೆಲ್ ಅಲುಗಾಡಿಲ್ಲ.

ಇನ್ನು ನನ್ನ ಮೇಜು. ನನಗೆ ದಿನವಿಡೀ ಬೇಕಿರುವುದು ಮೂರೇ: ಎಡಿಟರ್, ಟರ್ಮಿನಲ್, ಬ್ರೌಸರ್. ಪ್ಲಾಸ್ಮಾದಲ್ಲಿ ಇದ್ದ ಮೂರು ತಿಂಗಳು ನಾನು ಸುಮ್ನೆ ಪ್ಯಾನೆಲ್ ದಪ್ಪ ತಿದ್ದುತ್ತಾ ಸಂಜೆ ಕಳೆದದ್ದುಂಟು. ಗ್ನೋಮ್‌ನಲ್ಲಿ ತಿದ್ದಲು ಏನೂ ಸಿಗುವುದಿಲ್ಲ, ಹಾಗಾಗಿ ಕೋಡ್ ಆಗುತ್ತೆ. ಟರ್ಮಿನಲ್‌ನಲ್ಲಿ ಕನ್ನಡ ಮಾತ್ರ ಎರಡರಲ್ಲೂ ಸರಿ ಕೂರುವುದಿಲ್ಲ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುತ್ತೆ, ನಮ್ಮ 'ಸ್ತ್ರೀ' ಆ ಚೌಕಕ್ಕೆ ಹೊಂದುವುದಿಲ್ಲ.

ಬರೆಯುವವರ ಕಡೆಯಿಂದಲೂ ಒಂದು ಹೋಲಿಕೆ ಮಾಡಿದೆ. ಅಕ್ಕನಿಗೆ ಪದ ಎಣಿಸಿ ಟೈಪಿಂಗ್ ಬಿಲ್ ಹಾಕುವ ಚಿಕ್ಕ ಆ್ಯಪ್ ಬೇಕಿತ್ತು. ಅದನ್ನೇ ಎರಡು ಸಲ ಬರೆದೆ, ಪೈಥಾನ್‌ನಲ್ಲೇ, ಒಂದು ಗ್ನೋಮ್ ಬಳಸುವ ಲೈಬ್ರರಿ ಜಿಟಿಕೆ 4 ಮೇಲೆ, ಇನ್ನೊಂದು ಕೆಡಿಇ ಬಳಸುವ ಕ್ಯೂಟಿ ಮೇಲೆ. ಜಿಟಿಕೆಯದು ಗ್ನೋಮ್ ರೂಪವನ್ನು ಸಿದ್ಧವಾಗಿ ಕೊಡುವ ಲಿಬ್‌ಅದ್ವೈತಾ ದಯೆಯಿಂದ ಒಂದೇ ಭಾನುವಾರದಲ್ಲಿ ಚೆನ್ನಾಗಿ ಕಂಡಿತು. 2019ರಲ್ಲಿ ಕೆಲವು ಗ್ನೋಮ್ ಆ್ಯಪ್ ಬರೆಯುವವರು, ನಮ್ಮ ಆ್ಯಪ್‌ಗಳಿಗೆ ನಿಮ್ಮ ಥೀಮ್ ಹಾಕಬೇಡಿ ಅಂತ ಲಿನಕ್ಸ್ ವಿತರಣೆಯವರಿಗೆ ಬಹಿರಂಗ ಪತ್ರ ಬರೆದಿದ್ದರು. ಆಗ ನನಗೆ ಅದು ಹಟ ಅನ್ನಿಸಿತ್ತು. ನನ್ನದೇ ಹಳೆಯ ಆ್ಯಪ್ ಒಂದು ಕಪ್ಪು ಥೀಮ್‌ನಲ್ಲಿ ಕಪ್ಪು ಅಕ್ಷರ ತೋರಿಸಿದ ದಿನ ಅವರ ಸಂಕಟ ಅರ್ಥವಾಯಿತು.

ಆದರೆ ಆ ಜಿಟಿಕೆ ಆ್ಯಪ್ ಅಕ್ಕನ ಪ್ಲಾಸ್ಮಾದಲ್ಲಿ ನೆಂಟರ ಮನೆಗೆ ಬಂದವರ ಹಾಗೆ ಕೂರುತ್ತೆ. ಟೈಟಲ್ ಬಾರ್ ಅನ್ನು ಆ್ಯಪ್ ತಾನೇ ಬರೆದುಕೊಳ್ಳಬೇಕು ಅನ್ನುವುದು ಗ್ನೋಮ್ ಮತ, ಡೆಸ್ಕ್‌ಟಾಪ್ ಬರೆದುಕೊಡಲಿ ಅನ್ನುವುದು ಕೆಡಿಇ ಮತ. ಉಳಿದ ಕಿಟಕಿಗಳಿಗೆಲ್ಲ ಒಂದು ರೀತಿ, ಇದಕ್ಕೆ ಮಾತ್ರ ಇನ್ನೊಂದು. ಅಕ್ಕ ನೋಡಿ ಕೇಳಿದ್ದು ಒಂದೇ ಮಾತು: "ಇದ್ಯಾಕೋ ಬೇರೆ ಥರ ಇದೆ?"

ಈಗ ಅಂಗಡಿಯಲ್ಲಿ ಇರುವುದು ಪ್ಲಾಸ್ಮಾ, ಅದರ ಮೇಲೆ ಕ್ಯೂಟಿ ಆ್ಯಪ್. ನನ್ನ ಮೇಜಿನ ಮೇಲೆ ಗ್ನೋಮ್. ಕ್ಯೂಟಿ ಆವೃತ್ತಿಗೆ ಬಿಲ್ ಪ್ರಿಂಟ್ ಸೇರಿಸುವುದು ಬಾಕಿ ಇದೆ, ಈ ಭಾನುವಾರ ಕೂರಬೇಕು. 'ವರ್ಚುವಲ್ ಕೀಬೋರ್ಡ್' ಪುಟದ ಹೆಸರು ಬದಲಿಸಿ ಅಂತ ಬಗ್ ವರದಿಯನ್ನೂ ಬರೆಯುತ್ತಿದ್ದೇನೆ. ಅಕ್ಕನ ಕೀಬೋರ್ಡ್‌ದೇ ಒಂದು ಫೋಟೊ ಅದಕ್ಕೆ ಲಗತ್ತಿಸುತ್ತೇನೆ. ಅದರಲ್ಲಿ ಎಫ್ ಕೀ ಮೇಲಿನ ಅಕ್ಷರ ಪೂರ್ತಿ ಅಳಿಸಿ ಹೋಗಿದೆ.