ಟೇಪ್ ಕೆಡುವುದು ತುದಿಯಿಂದ: ಐದು ಮೀಟರಿನ ಅಳತೆ ಟೇಪಿನೊಂದಿಗೆ ಆರು ವರ್ಷ

ಈ ಟೇಪ್ ನನ್ನ ಸೊಂಟಕ್ಕೇರಿ ಆರು ವರ್ಷವಾಯಿತು. ಐದು ಮೀಟರ್ ಉದ್ದ, 25 ಮಿಲಿಮೀಟರ್ ಅಗಲದ ಉಕ್ಕಿನ ಪಟ್ಟಿ, ಮೇಲೆ ನೈಲಾನ್ ಲೇಪನ, ರಬ್ಬರ್ ಹೊದಿಸಿದ ಡಬ್ಬಿ. ಮನೆ ಕಟ್ಟುವಾಗ ಗಾರೆಯ ನಡುವೆ ಬಿದ್ದೆದ್ದಿದೆ, ಆಮೇಲೆ ಕಪಾಟು, ಬಾಗಿಲು, ಕಿಟಕಿಗಳ ಕೆಲಸದಲ್ಲಿ ದಿನವೂ ಹತ್ತಾರು ಸಲ ಒಳಗೆ ಹೊರಗೆ ಓಡಾಡಿದೆ. ಇದಕ್ಕೂ ಮೊದಲು ಇದ್ದ ಮೂರು ಟೇಪುಗಳ ಆಯುಸ್ಸನ್ನು ಕೂಡಿಸಿದರೂ ನಾಲ್ಕು ವರ್ಷ ಆಗುವುದಿಲ್ಲ. ಕಂಪನಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಂದೇ ಹೆಸರಿನಡಿ ಗಟ್ಟಿಮುಟ್ಟಾದದ್ದೂ ಇರುತ್ತದೆ, ಕೈಗೆ ಬಂದ ತಿಂಗಳಿಗೇ ಮುಗ್ಗರಿಸುವುದೂ ಇರುತ್ತದೆ. ಹೆಸರಿಗಿಂತ ಮೊದಲ ಹತ್ತು ಸೆಂಟಿಮೀಟರನ್ನು ನೋಡಿ ಕೊಳ್ಳುವುದು ಮೇಲು. ನನ್ನ ಕೈಯಲ್ಲಿ ಕೆಟ್ಟ ಟೇಪುಗಳೆಲ್ಲ ಕೆಟ್ಟದ್ದು ಅಲ್ಲಿಂದಲೇ.

ಮೊದಲನೆಯದನ್ನು ಕೊಂದವನು ನಾನೇ. ತುದಿಯ ಕೊಕ್ಕೆ ಹಿಂದೆ ಮುಂದೆ ಅಲುಗಾಡುತ್ತಿತ್ತು. ಹೊಸ ಟೇಪಿನ ಕೊಕ್ಕೆಯೇ ಸಡಿಲವಿದೆ ಎಂದು ಸಿಟ್ಟುಗೊಂಡು ಸುತ್ತಿಗೆಯಿಂದ ರಿವೆಟುಗಳನ್ನು ಬಡಿದು ಬಿಗಿ ಮಾಡಿದೆ. ಆ ವಾರ ಮಾಡಿದ ಕಪಾಟಿನಲ್ಲಿ ಒಂದು ಹಲಗೆಯೂ ಸರಿಯಾಗಿ ಕೂರಲಿಲ್ಲ. ಪ್ರತಿಯೊಂದರ ಪಕ್ಕದಲ್ಲೂ ಒಂದು ಮಿಲಿಮೀಟರ್ ಸಂದು. ಗರಗಸವನ್ನು ಬೈದೆ, ಮರವನ್ನು ಬೈದೆ. ನಿಜ ತಿಳಿದದ್ದು ಆಮೇಲೆ. ಕೊಕ್ಕೆ ಎಷ್ಟು ದಪ್ಪವಿದೆಯೋ ಸರಿಯಾಗಿ ಅಷ್ಟೇ ದೂರ ಅದು ಜಾರಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ಮುಂದೆ ಸರಿಯುತ್ತದೆ, ಅದರ ಒಳಮೈ ಸೊನ್ನೆಯಾಗುತ್ತದೆ. ಗೋಡೆಗೆ ಒತ್ತಿ ಒಳ ಅಳತೆ ತೆಗೆಯುವಾಗ ಹಿಂದೆ ಸರಿಯುತ್ತದೆ, ಹೊರಮೈ ಸೊನ್ನೆಯಾಗುತ್ತದೆ. ನಾನು ಬಡಿದದ್ದು ಕೊಕ್ಕೆ ಮುಂದಿದ್ದಾಗ. ಹಾಗಾಗಿ ಒಳ ಅಳತೆಗಳೆಲ್ಲ ಕೊಕ್ಕೆಯ ದಪ್ಪದಷ್ಟು ಕಡಿಮೆ ತೋರಿಸಿದವು. ದೋಷವೆಂದು ನಾನು ತಿದ್ದಿದ್ದು ಅದರ ಜಾಣತನವನ್ನೇ.

ಆದ್ದರಿಂದ ಈಗ ಟೇಪ್ ಕೊಳ್ಳಲು ಹೋದಾಗ ಜೇಬಿನಲ್ಲಿ 30 ಸೆಂಟಿಮೀಟರಿನ ಉಕ್ಕಿನ ಸ್ಕೇಲ್ ಇರುತ್ತದೆ. ಕೊಕ್ಕೆಯನ್ನು ಸ್ಕೇಲಿನ ತುದಿಗೆ ಸಿಕ್ಕಿಸಿ ನೋಡುತ್ತೇನೆ. ಆಮೇಲೆ ಸ್ಕೇಲನ್ನೂ ಟೇಪನ್ನೂ ಗೋಡೆಗೆ ಒತ್ತಿ ಹಿಡಿದು ನೋಡುತ್ತೇನೆ. ಎರಡು ಸಲವೂ ಗೆರೆಗಳು ಒಂದಕ್ಕೊಂದು ಕೂಡಿ ಬರಬೇಕು. ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಇಷ್ಟಾದ ಮೇಲೆ ರಿವೆಟ್ ಎಣಿಸುತ್ತೇನೆ. ಎರಡು ರಿವೆಟ್ ಇದ್ದ ಟೇಪಿನಲ್ಲಿ ಕೊಕ್ಕೆಯ ರಂಧ್ರ ಬೇಗ ದೊಡ್ಡದಾಯಿತು. ಈಗಿನದಕ್ಕೆ ಮೂರಿವೆ, ಪಟ್ಟಿಯ ಮೊದಲ ಹತ್ತು ಸೆಂಟಿಮೀಟರಿಗೆ ಇನ್ನೊಂದು ಪದರ ಪಾರದರ್ಶಕ ಹಾಳೆಯೂ ಇದೆ. ಆರು ವರ್ಷದ ಮೇಲೂ ಆ ಭಾಗದ ಅಂಕಿಗಳನ್ನು ಕನ್ನಡಕವಿಲ್ಲದೆ ಓದಬಲ್ಲೆ. ಬರೀ ಬಣ್ಣ ಬಳಿದ ಹಿಂದಿನ ಟೇಪಿನಲ್ಲಿ ಎಂಟು ತಿಂಗಳಿಗೇ 3ರಿಂದ 12ರವರೆಗಿನ ಗೆರೆಗಳು ಬಿಳಿಚಿಕೊಂಡು ಊಹೆಯ ವಿಷಯವಾಗಿದ್ದವು. ನೈಲಾನ್ ಲೇಪನದಿಂದ ಸುರುಳಿ ದಪ್ಪವಾಗುತ್ತದೆ, ಡಬ್ಬಿ ದೊಡ್ಡದಾಗುತ್ತದೆ. ಅದನ್ನು ಸಹಿಸಿಕೊಳ್ಳಬಹುದು.

ಟೇಪನ್ನು ಒಳಕ್ಕೆ ಬಿಡುವಾಗ ಬೆರಳನ್ನು ಪಟ್ಟಿಯ ಕೆಳಗೆ ಒತ್ತಿ ವೇಗ ತಗ್ಗಿಸುವ ಅಭ್ಯಾಸ ಈ ಟೇಪಿನ ಜೊತೆಗೇ ಬಂತು. ಪಟಾರ್ ಎಂದು ಹೊಡೆಯುವ ಸದ್ದು ಕೇಳಲು ಗಮ್ಮತ್ತು, ಆದರೆ ಆ ಪ್ರತಿ ಹೊಡೆತವೂ ಬೀಳುವುದು ಕೊಕ್ಕೆಯ ಮೇಲೆಯೇ. ಮಕ್ಕಳ ಕೈಗೆ ಟೇಪ್ ಕೊಡದಿರಲು ನನಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಅಗಲದ ಬಗ್ಗೆ. ಪಟ್ಟಿ ಅಡ್ಡಲಾಗಿ ಬಾಗಿರುವುದರಿಂದಲೇ ಅದು ಗಾಳಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಅಮೆರಿಕದ ಹೈರಮ್ ಫ್ಯಾರಂಡ್ ಇದಕ್ಕೆ 1922ರಲ್ಲಿ ಪೇಟೆಂಟ್ ಪಡೆದಿದ್ದರು. 16 ಮಿಲಿಮೀಟರಿನ ಪಟ್ಟಿ ನನ್ನ ಕೈಯಲ್ಲಿ ಒಂದೂವರೆ ಮೀಟರಿಗೆ ಮೊದಲೇ ಮುರಿದು ಬೀಳುತ್ತಿತ್ತು. ಇದು ಎರಡು ಮೀಟರ್ ದಾಟಿಯೂ ನಿಲ್ಲುತ್ತದೆ. ಒಬ್ಬನೇ ಏಣಿಯ ಮೇಲೆ ನಿಂತು ಕಿಟಕಿಯ ಅಗಲ ನೋಡುವವನಿಗೆ ಆ ಅರ್ಧ ಮೀಟರ್ ಎಂದರೆ ಒಬ್ಬ ಸಹಾಯಕನ ಕೆಲಸ. ಆದರೆ ಇಕ್ಕಟ್ಟಾದ ಸಂದಿಗಳಿಗೆ ಈ ಅಗಲ ತೂರುವುದಿಲ್ಲ. ಅದಕ್ಕೆಂದೇ ಮೂರು ಮೀಟರಿನ ಸಣ್ಣದೊಂದು ಪೆಟ್ಟಿಗೆಯಲ್ಲಿದೆ.

ಎಂಟು ಮೀಟರಿನದನ್ನೇ ಕೊಳ್ಳಿ ಎಂದು ಹಲವರು ಹೇಳುತ್ತಾರೆ. ನನ್ನ ಹತ್ತಿರ ಒಂದಿತ್ತು. ಭಾರಕ್ಕೆ ಪ್ಯಾಂಟ್ ಜಾರುತ್ತಿತ್ತು, ಕೊನೆಯ ಮೂರು ಮೀಟರ್ ಹೊರಬಂದದ್ದು ಬೆರಳೆಣಿಕೆಯಷ್ಟು ಸಲ. ಮನೆಯೊಳಗಿನ ಅಳತೆಗಳಲ್ಲಿ ಬಹುಪಾಲು ಮೂರು ಮೀಟರಿನೊಳಗೇ ಮುಗಿಯುತ್ತವೆ. ಪಾಯ ಗುರುತು ಹಾಕುವುದಕ್ಕೆ 30 ಮೀಟರಿನ ಟೇಪ್ ಬೇರೆಯೇ ಬೇಕು. ಅದರಲ್ಲೂ ಫೈಬರ್‌ಗ್ಲಾಸಿನದು ಬಲವಾಗಿ ಎಳೆದರೆ ಹಿಗ್ಗುತ್ತದೆ ಎಂಬುದು ನೆನಪಿರಲಿ. ವಿದ್ಯುತ್ ತಂತಿಗಳಿರುವ ಕಡೆ ಮಾತ್ರ ಉಕ್ಕಿನ ಟೇಪನ್ನು ತೆಗೆಯಲೇಬೇಡಿ.

ನಿಖರತೆಯ ವಿಷಯದಲ್ಲಿ ಡಬ್ಬಿಯ ಮೇಲಿನ ದೊಡ್ಡ ಮಾತುಗಳನ್ನು ಬಿಟ್ಟು ಪಟ್ಟಿಯ ಆರಂಭದಲ್ಲಿ ಸಣ್ಣದಾಗಿ ಅಚ್ಚಾಗಿರುವ ರೋಮನ್ ಅಂಕಿಯನ್ನು ಹುಡುಕಿ. ಯುರೋಪಿನ ನಿಯಮದಂತೆ ಎರಡನೇ ದರ್ಜೆಯ ಟೇಪ್ ಐದು ಮೀಟರಿಗೆ 1.3 ಮಿಲಿಮೀಟರಿನಷ್ಟು ಆಚೀಚೆ ಇರಬಹುದು, ಮೊದಲನೇ ದರ್ಜೆಯದಾದರೆ 0.6, ಮೂರನೆಯದಾದರೆ 2.6. ನನ್ನದು ಎರಡನೇ ದರ್ಜೆ. ಮೊದಲನೆಯದಕ್ಕೆ ಆಸೆಪಡುವ ಮುನ್ನ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಿರಿ: 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಐದು ಮೀಟರ್ ಉಕ್ಕು ತಾನಾಗಿಯೇ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. ನನಗೆ ನಿಜವಾಗಿ ನಷ್ಟ ತಂದದ್ದು ದರ್ಜೆಯಲ್ಲ, ಎರಡು ಟೇಪುಗಳು. ಬಾಗಿಲಿನ ಜಾಗವನ್ನು ನಾನು ನನ್ನ ಟೇಪಿನಲ್ಲಿ ಅಳೆದು ಹೇಳಿದೆ, ಬಡಗಿ ತನ್ನ ಟೇಪಿನಲ್ಲಿ ಚೌಕಟ್ಟು ಕತ್ತರಿಸಿದರು. ವ್ಯತ್ಯಾಸ ಮೂರು ಮಿಲಿಮೀಟರ್, ವಾದ ಅರ್ಧ ದಿನ. ಅವರ ಟೇಪಿನ ಕೊಕ್ಕೆ ಬಾಗಿತ್ತು. ಅಂದಿನಿಂದ ಒಂದು ಕೆಲಸಕ್ಕೆ ಒಂದೇ ಟೇಪ್, ಅದು ಯಾರದಾದರೂ ಸರಿ.

ಕೊಕ್ಕೆಯ ಮೇಲೆ ಅನುಮಾನ ಬಂದಾಗ 10 ಸೆಂಟಿಮೀಟರಿನ ಗೆರೆಯಿಂದ ಅಳೆದು ಕೊನೆಗೆ ಹತ್ತನ್ನು ಕಳೆಯುವುದುಂಟು. ಒಳ್ಳೆಯ ಉಪಾಯ. ಕಳೆಯಲು ಮರೆತು ಕತ್ತರಿಸಿದ ಒಂದು ಪ್ಲೈವುಡ್ ತುಂಡು ಈಗಲೂ ನನ್ನ ಕೆಲಸದ ಮೇಜಿನಡಿ ಇದೆ.

ಇಂಚಿನ ಕಡೆಯಲ್ಲಿ ಪ್ರತಿ 19.2 ಇಂಚಿಗೆ ಒಂದು ಕಪ್ಪು ವಜ್ರದ ಗುರುತಿದೆ. ಎರಡು ವರ್ಷ ಅದನ್ನು ಅಲಂಕಾರವೆಂದೇ ತಿಳಿದಿದ್ದೆ. ಎಂಟು ಅಡಿಯ ಹಾಳೆಯನ್ನು ಸಮವಾಗಿ ಐದು ಪಾಲು ಮಾಡಿ ಕೆಳಗೆ ಮರದ ಆಸರೆ ಕೊಡಲು ಅದು. ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಸಲ. ನನ್ನನ್ನು ಕೇಳಿದರೆ ಎರಡೂ ಅಂಚಿಗೆ ಮಿಲಿಮೀಟರ್ ಇರುವ ಪಟ್ಟಿಯೇ ಒಳ್ಳೆಯದು. ಎಡಗಡೆಯಿಂದ ಓದಬೇಕಾದಾಗಲೆಲ್ಲ ಇಂಚುಗಳೇ ಎದುರಾಗುತ್ತವೆ.

ದೂರುಗಳೂ ಇವೆ. ಕೊಕ್ಕೆಯಲ್ಲಿ ಅಯಸ್ಕಾಂತ ಕೊಟ್ಟಿದ್ದಾರೆ. ಅದು ಕಬ್ಬಿಣದ ಪುಡಿಯನ್ನೆಲ್ಲ ಹೊತ್ತುಕೊಂಡು ಬರುತ್ತದೆ, ಪುಡಿ ಸಿಕ್ಕಿಕೊಂಡರೆ ಗೋಡೆಗೆ ಒತ್ತಿದ ಅಳತೆ ತಪ್ಪುತ್ತದೆ. ಸೊಂಟದ ಕ್ಲಿಪ್ಪಿನ ಸ್ಕ್ರೂ ವರ್ಷಕ್ಕೆರಡು ಸಲ ಸಡಿಲವಾಗುತ್ತದೆ. ಲಾಕ್ ಮೊದಲಿನಷ್ಟು ಬಿಗಿಯಿಲ್ಲ, ಪೂರ್ತಿ ಎಳೆದಾಗ ನಿಧಾನವಾಗಿ ಹಿಂದೆ ಜಾರುತ್ತದೆ. ರಬ್ಬರ್ ಹೊದಿಕೆಯ ಬಗ್ಗೆ ಮಾತ್ರ ತಕರಾರಿಲ್ಲ, ಮೊದಲ ಮಹಡಿಯಿಂದ ಎರಡು ಸಲ ಬಿದ್ದಿದೆ.

ಗಾರೆ ಮೆತ್ತಿದ ಪಟ್ಟಿಯನ್ನು ಒರೆಸದೆ ಒಳಗೆ ಬಿಟ್ಟದ್ದು ಇದರ ಮಟ್ಟಿಗೆ ನಾನು ಮಾಡಿದ ದೊಡ್ಡ ತಪ್ಪು. ಮರಳಿನ ಕಣಗಳು ಒಳಗೆ ಸೇರಿ ಲೇಪನವನ್ನು ಉದ್ದಕ್ಕೂ ಗೀಚಿದವು. ಈಗ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೊಮ್ಮೆ ಒರೆಸಿಯೇ ಒಳಗೆ ಬಿಡುತ್ತೇನೆ.

ಹೋದ ತಿಂಗಳು ಯಾರೋ ಅದರ ಮೇಲೆ ಏಣಿ ಊರಿದರು. 62 ಸೆಂಟಿಮೀಟರಿನ ಬಳಿ ಪಟ್ಟಿಗೆ ಒಂದು ಮಡಿಕೆ ಬಿದ್ದಿದೆ. ಪಟ್ಟಿ ಈಗ ನಿಲ್ಲುವುದು ಅಲ್ಲಿಯವರೆಗೆ ಮಾತ್ರ, ಮಡಿಕೆಯ ಮೇಲೆ ಕೂದಲೆಳೆಯಂಥ ಬಿರುಕೂ ಕಾಣಿಸುತ್ತಿದೆ. ಕೊಕ್ಕೆ ಮಾತ್ರ ಸ್ಕೇಲಿನ ಪರೀಕ್ಷೆಯಲ್ಲಿ ಇಂದಿಗೂ ಪಾಸಾಗುತ್ತದೆ. ಅದು ತುಂಡಾಗುವವರೆಗೆ ಗಾರೆ ಕೆಲಸಕ್ಕೆ ಇರಲೆಂದು ಬದಿಗಿಟ್ಟು, ಮರಗೆಲಸಕ್ಕೆ ಇದೇ ಮಾದರಿಯ ಇನ್ನೊಂದನ್ನು ತಂದಿದ್ದೇನೆ; ಈ ಸಲ ಅಯಸ್ಕಾಂತ ಇಲ್ಲದ್ದು.