ತೂತು ಕೊರೆದ ಅಕ್ವೇರಿಯಂ ಬಿರುಕು ಬಿಟ್ಟರೆ: ತೇಪೆ, ಗಾಜು ಬದಲಿ ಅಥವಾ ಹೊಸ ಟ್ಯಾಂಕ್?

ಮಾಮೂಲಿ ಅಕ್ವೇರಿಯಂ ಒಡೆದರೆ ಹೊಸದು ತರುವುದೇ ಸಲೀಸು. ಹಿಂಬದಿ ಗಾಜಿಗೆ ತೂತು ಕೊರೆಸಿ, ಟ್ಯಾಂಕ್ ನಿಪ್ಪಲ್ (ಪೈಪ್ ಜೋಡಿಸಲು ತೂತಿಗೆ ನಟ್ಟು ಹಾಕಿ ಬಿಗಿಯುವ ತುಂಡು) ಕೂರಿಸಿ, ಸ್ಟ್ಯಾಂಡಿನೊಳಗಿನ ಸಂಪ್‌ಗೆ (ನೀರು ಸೋಸಿ ಪಂಪ್‌ನಿಂದ ಮತ್ತೆ ಮೇಲೆ ಕಳಿಸುವ ತೊಟ್ಟಿ) ಪೈಪ್ ಇಳಿಸಿಕೊಂಡಿದ್ದರೆ ಲೆಕ್ಕವೇ ಬೇರೆ. ನನ್ನದು ಅಂಥದ್ದು: 3 ಅಡಿ ಉದ್ದ, ಅಗಲ ಮತ್ತು ಎತ್ತರ ಒಂದೂವರೆ ಅಡಿ, 8 ಎಂಎಂ ಗಾಜು, ತುಂಬಿದರೆ ಹತ್ತಿರ ಹತ್ತಿರ 190 ಲೀಟರ್ ನೀರು. ತೂತಿನಿಂದ ಮೇಲಂಚಿಗೆ ಕೂದಲೆಳೆಯ ಬಿರುಕು ಓಡಿತ್ತು. ತೂತಿಗೂ ಅಂಚಿಗೂ ನಡುವೆ ಕಡೇಪಕ್ಷ ತೂತಿನ ವ್ಯಾಸದಷ್ಟಾದರೂ ಗಾಜು ಉಳಿದಿರಬೇಕು. ಇಲ್ಲಿ ಅಷ್ಟು ಉಳಿದಿರಲಿಲ್ಲ. ಸಾಲದ್ದಕ್ಕೆ ಫಿಟ್ ಮಾಡಿದವರು ನಟ್ಟನ್ನು ಸ್ಪ್ಯಾನರ್ ಹಾಕಿ ಬಿಗಿದಿದ್ದರು; ಅದಕ್ಕೆ ಕೈಬಿಗಿ ಸಾಕು.

ಮೊದಲು ಮಾಡಿದ್ದು ತೇಪೆ. ಎಪಾಕ್ಸಿ ಪುಟ್ಟಿ ಮೆತ್ತಿಬಿಡಿ ಎನ್ನುವವರ ಮಾತು ಕೇಳಬೇಡಿ. ನೀರಿನ ಒತ್ತಡಕ್ಕೆ ಗಾಜು ತುಸು ಬಾಗುತ್ತದೆ, ಒಣಗಿದ ಎಪಾಕ್ಸಿ ಬಾಗದೆ ಎದ್ದುಬರುತ್ತದೆ. ನಿಪ್ಪಲ್ ಬಿಚ್ಚಿ, ತೂತು ಮತ್ತು ಬಿರುಕಿನ ಸುತ್ತ ಎರಡೆರಡು ಇಂಚು ಹೆಚ್ಚಿಗೆ ಬರುವ ಗಾಜಿನ ತುಂಡನ್ನು ಒಳಗಿನಿಂದ ಸಿಲಿಕೋನ್ ಹಾಕಿ ಕೂರಿಸಿದೆ. ಒಳಗಿನಿಂದಲೇ ಯಾಕೆಂದರೆ, ನೀರೇ ತುಂಡನ್ನು ಗಾಜಿಗೆ ಒತ್ತಿ ಹಿಡಿಯುತ್ತದೆ. ಖರ್ಚು ಇಲ್ಲವೇ ಇಲ್ಲ ಎನ್ನಬಹುದು, ಹನಿ ನೀರೂ ಸೋರಲಿಲ್ಲ. ಆದರೆ ತೂತು ಮುಚ್ಚಿದ ಮೇಲೆ ಸಂಪ್‌ಗೆ ನೀರು ಇಳಿಯುವುದೆಲ್ಲಿಂದ? ಅಂಚಿಗೆ ನೇತುಹಾಕಿ, ಬಾಗಿದ ಕೊಳವೆಯಿಂದ ನೀರನ್ನು ಅಂಚು ದಾಟಿಸಿ ಕೆಳಗಿಳಿಸುವ ಸೈಫನ್ ಬಾಕ್ಸ್ ಹಾಕಿ ನೋಡಿದೆ. ಕರೆಂಟ್ ಹೋಗಿ ಬಂದಾಗ ಸೈಫನ್ ಗಾಳಿ ಎಳೆದುಕೊಂಡರೆ ಮುಗಿಯಿತು: ಕೆಳಗಿನ ಪಂಪ್ ನೀರು ಎತ್ತುತ್ತಲೇ ಇರುತ್ತದೆ, ಮೇಲಿಂದ ಇಳಿಯುವುದಿಲ್ಲ, ಹಾಲ್ ತುಂಬ ನೀರು. ನಮ್ಮ ಬೆಂಗಳೂರಿನ ಕರೆಂಟನ್ನು ನಂಬಿ ಅದನ್ನು ಇಟ್ಟುಕೊಳ್ಳುವ ಧೈರ್ಯ ನನಗಿಲ್ಲ.

ಹೊಸ ಟ್ಯಾಂಕ್ ವಿಚಾರಿಸಿದೆ. ರೆಡಿಮೇಡ್ ಟ್ಯಾಂಕ್‌ಗಳ ಅಳತೆ ನನ್ನ ಸ್ಟ್ಯಾಂಡಿಗೂ ಪೈಪಿಗೂ ಹೊಂದಲಿಲ್ಲ. ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜಾಗಿದ್ದರಂತೂ ಡ್ರಿಲ್ ತಾಗಿದೊಡನೆ ಪುಡಿಪುಡಿ. ಅಳತೆ ಕೊಟ್ಟು ಮಾಡಿಸಬಹುದು, ಚೆನ್ನಾಗಿಯೂ ಬರುತ್ತದೆ. ಆದರೆ ಖಾಲಿ ಟ್ಯಾಂಕೇ 30 ಕೆಜಿ ಮೇಲೆ. ಮೂರನೇ ಮಹಡಿಗೆ ಹತ್ತಿಸಿ, ಹಳೆಯದನ್ನು ಇಳಿಸಿ, ಅದನ್ನು ಯಾರ ತಲೆಗೆ ಕಟ್ಟುವುದು?

ಕೊನೆಗೆ ಹಿಂಬದಿಯ ಒಂದೇ ಗಾಜು ಬದಲಿಸಿದೆ. ಇದೇ ನನಗೆ ಒಪ್ಪಿಗೆಯಾದದ್ದು. ಗಾಜಿನಂಗಡಿಯಲ್ಲಿ 8 ಎಂಎಂ ಸಾದಾ ಗಾಜು ಕತ್ತರಿಸಿ, ಅಂಚು ಪಾಲಿಶ್ ಮಾಡಿ, ಡೈಮಂಡ್ ಬಿಟ್‌ನಿಂದ ನೀರು ಬಿಡುತ್ತಾ ತೂತು ಕೊರೆದುಕೊಟ್ಟರು, ಈ ಸಲ ಅಂಚಿನಿಂದ ದೂರಕ್ಕೆ. ಎಂಟು ಕೆಜಿ ತುಂಡು, ಮೇಜಿನ ಮೇಲೆ ಮಲಗಿಸಿ ಕೊರೆಯುವುದು ಸುಲಭ; ಕಟ್ಟಿದ ಟ್ಯಾಂಕಿಗೆ ಕೊರೆಯುವುದೇ ಪ್ರಾಣಸಂಕಟ. ಬೇಸರದ ಕೆಲಸವೆಂದರೆ ಹಳೆ ಸಿಲಿಕೋನ್ ಕೆರೆಯುವುದು. ಅದರ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಬ್ಲೇಡ್ ಹಾಕಿ ಪೂರ್ತಿ ತೆಗೆದು ಅಸಿಟೋನ್‌ನಿಂದ ಒರೆಸಲೇಬೇಕು. ಬಾತ್‌ರೂಮಿಗೆಂದು ಮಾರುವ, ಬೂಷ್ಟು ಹಿಡಿಯದ ಸಿಲಿಕೋನ್ ಬೇಡ, ಅದರಲ್ಲಿರುವ ಔಷಧ ಮೀನಿಗೆ ವಿಷ. ಹಚ್ಚಿದ ಮೇಲೆ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ವಾರವಾದರೂ, ನೀರು ಹಾಕಬೇಡಿ.

ಖರ್ಚು, ಅಳತೆ ಕೊಟ್ಟು ಮಾಡಿಸುವ ಹೊಸ ಟ್ಯಾಂಕಿನ ಅರ್ಧವೂ ಆಗಲಿಲ್ಲ, ಪೈಪ್ ಇದ್ದಲ್ಲೇ ಕೂತಿತು. ಒಡೆದದ್ದು ತಳದ ಗಾಜಾಗಿದ್ದರೆ ಈ ಮಾತು ಹೇಳುತ್ತಿರಲಿಲ್ಲ. ಆಗ ನಾಲ್ಕೂ ಗೋಡೆ ಬಿಚ್ಚಬೇಕು, ಅದಕ್ಕಿಂತ ಹೊಸದೇ ಮೇಲು. ಯಾವುದು ಮಾಡಿದರೂ ಫಿಲ್ಟರಿನ ಸ್ಪಂಜನ್ನು ಒಣಗಲು ಬಿಡಬೇಡಿ. ಮೀನಿಟ್ಟ ಟಬ್ಬಿನ ಹಳೆ ನೀರಿನಲ್ಲೇ ಏರ್ ಪಂಪ್ ಹಾಕಿ ಇಡಿ. ಸ್ಪಂಜಿನಲ್ಲಿರುವ, ನೀರಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಸತ್ತರೆ ನೀರು ಮತ್ತೆ ಹದಕ್ಕೆ ಬರಲು ಒಂದು ತಿಂಗಳಿಗಿಂತ ಹೆಚ್ಚೇ ಬೇಕಾಗಬಹುದು.